ಹಿತ್ತಿಲಿಗೆ ಬಂದ ಪೇಟೆ

ಮನುಷ್ಯನ ದೊಡ್ಡಸ್ತಿಕೆ ಅವನ ವಿದ್ಯೆಯಲ್ಲಿದೆ ಎಂದು ಆಯುಷ್ಯವಿಡೀ ಮಕ್ಕಳಿಗೆ ಪಾಠ ಹೇಳಿದವನು ನಾನು. ಅಲ್ಲ, ಅದು ಮನೆಯೆದುರಿನ ರಸ್ತೆಯಲ್ಲಿದೆ ಎಂದು ನನಗೆ ಪಾಠ ಹೇಳಿದ್ದು ಸರ್ಕಾರದ ಒಂದು ಗ್ರಾಂಟು. ಕೊಡ್ಲಿಪೇಟೆಯ ಅಂಚಿನಲ್ಲಿ ನಮ್ಮ ಮನೆ. ನಿವೃತ್ತನಾದ ಮೇಲೆ ನನಗಿದ್ದ ಉದ್ಯೋಗವೆಂದರೆ ಜಗಲಿಯ ಮೇಲೆ ಆರಾಮಕುರ್ಚಿ ಹಾಕಿಕೊಂಡು ಹೋಗಿಬರುವವರ ನಮಸ್ಕಾರ ಸ್ವೀಕರಿಸುವುದು. ಪಿಂಚಣಿ ತಡವಾದರೆ ಸಹಿಸುತ್ತಿದ್ದೆ. ನಮಸ್ಕಾರ ತಡವಾದರೆ ಕೆಮ್ಮುತ್ತಿದ್ದೆ.

ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮಡಿಕೇರಿಯಲ್ಲೇ ಮುಗಿಯುತ್ತಿದ್ದ ಕಾಗದಗಳು ಬೆಂಗಳೂರಿಗೆ ಹೋಗಿಬರತೊಡಗಿದ್ದವು. ಹೋದದ್ದೆಲ್ಲ ಬರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಹಾಗೆ ಬಂದ ರಸ್ತೆಯ ಗ್ರಾಂಟಿನ ಬೆನ್ನಿಗೇ ಓವರ್ಸಿಯರ್ ಬಂದರು. ರಸ್ತೆ ಅಗಲವಾದರೆ ನಮಸ್ಕಾರವೂ ಇಮ್ಮಡಿ ಎಂದುಕೊಂಡು ನಾನು ಕಾಫಿ ಕೊಡಿಸಿದೆ. ಅವರು ಕಾಫಿ ಮುಗಿಸಿ, "ಮಾರ್ಚಿಯೊಳಗೆ ದುಡ್ಡು ಖರ್ಚಾಗ್ಬೇಕು ಮೇಷ್ಟ್ರೇ. ಈ ರಸ್ತೆ ಮುಟ್ಟಿದ್ರೆ ಎರಡೂ ಕಡೆ ತೋಟದೋರು ಜಗಳಕ್ಕೆ ಬರ್ತಾರೆ. ನಿಮ್ಮ ಹಿತ್ಲಾಚೆ ಪೈಸಾರಿ ಜಾಗ ಇದೆ, ಸರ್ಕಾರದ್ದೇ. ಕೇಳೋರಿಲ್ಲ" ಎಂದು ಅತ್ತ ಗೂಟ ಹೊಡೆಸಿದರು.

ರಸ್ತೆಯಾಯಿತು, ಬಸ್ಸು ಬಂತು. ಬಸ್ಸಿನ ಹಿಂದೆ ಸೈಕಲ್ ಶಾಪು, ದರ್ಜಿ, ಎರಡು ಹೋಟೆಲು. ಪೇಟೆಯೆಂಬ ಪೇಟೆಯೇ ನಮ್ಮ ಬಚ್ಚಲುಮನೆಯ ಕಡೆಗೆ ಮುಖ ತಿರುಗಿಸಿ ಕೂತಿತು. ನೆಂಟರು ನೇರ ಅಡಿಗೆಮನೆಗೆ ಬರತೊಡಗಿದರು. ಬಸ್ಸಿಗೆ ಕಾಯುವವರಿಗೆಲ್ಲ ನನ್ನ ಹೆಂಡತಿ ಪಾರ್ವತಿ ಮಜ್ಜಿಗೆ ಕೊಟ್ಟು ಊರಿಗೇ ಪಾರ್ವತಕ್ಕನಾದಳು. ಇತ್ತ ನನ್ನ ಮುಂದಿನ ರಸ್ತೆಯಲ್ಲಿ ಹುಲ್ಲು ಬೆಳೆಯಿತು. ನನ್ನೆದುರು ತಲೆ ತಗ್ಗಿಸುತ್ತಿದ್ದುದು ದನಗಳು ಮಾತ್ರ. ಅವೂ ತಗ್ಗಿಸುತ್ತಿದ್ದುದು ಹುಲ್ಲಿಗಾಗಿ. ನನಗೆ ನಿಜವಾಗಿಯೂ ಹೊಟ್ಟೆಯುರಿಯಿತು.

"ಪೇಟೆ ಕೆಟ್ಟುಹೋಯ್ತು ಕಣೇ" ಎಂದೆ ಒಂದು ದಿನ.

"ಕೆಟ್ಟಿದ್ದೆಲ್ಲಿ? ಇಷ್ಟು ವರ್ಷ ಹಿತ್ಲಲ್ಲಿ ಪಾತ್ರೆ ತಿಕ್ತಿದ್ದೆ, ಒಂದು ನರಪಿಳ್ಳೆ ಮಾತಾಡಿಸ್ಲಿಲ್ಲ. ಈಗ ನನ್ ಕಡೀಗೂ ಒಂದು ರೋಡಾಯ್ತು. ನೀವೂ ಇತ್ಲಾಗೆ ಬಂದು ಕೂತ್ಕೊಳ್ಳಿ, ಬ್ಯಾಡ ಅಂದೋರ್ಯಾರು?" ಎಂದಳು.

ಅವಳ ಮಾತು ನ್ಯಾಯವಾದದ್ದೇ. ನ್ಯಾಯವಾದ ಮಾತಿಗೆ ನಾನು ಸಾಮಾನ್ಯವಾಗಿ ಉತ್ತರ ಕೊಡುವುದಿಲ್ಲ. ಕುರ್ಚಿಯನ್ನೂ ಕದಲಿಸಲಿಲ್ಲ. ಮನೆಯ ಯಜಮಾನ ಹೋಗಿ ಬಚ್ಚಲ ಪಕ್ಕ ಕೂರುವುದೆಂದರೇನು?

ಹೋದ ವಾರ ಸೋಮವಾರಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಮನೆ ಹತ್ತಿರವಾದಾಗ ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು, "ಮೇಷ್ಟ್ರ ಮನೆ ಹತ್ರ ನಿಲ್ಸಪ್ಪ" ಎಂದೆ. ಕಂಡಕ್ಟರ್ ಹೊಸಬ. "ಅಂಥ ಸ್ಟಾಪೇ ಇಲ್ವಲ್ಲ ಸ್ವಾಮಿ" ಎಂದ. ನೋಡನೋಡುತ್ತಿದ್ದಂತೆ ನಮ್ಮ ಹಿತ್ತಿಲ ಬೇಲಿ ಕಿಟಕಿಯಲ್ಲಿ ಹಿಂದಕ್ಕೆ ಸರಿಯತೊಡಗಿತು. ಮುಂದಿನ ಸ್ಟಾಪಿನಿಂದ ಮನೆಗೆ ಏರುದಾರಿ. ನನ್ನ ಮಂಡಿಯೋ, ದೇವರಿಗೇ ಪ್ರೀತಿ.

"ಪಾರ್ವತಕ್ಕನ ಮನೆ! ಪಾರ್ವತಕ್ಕನ ಮನೆ!" ಎಂದು ಎದ್ದುನಿಂತು ಕೂಗಿಕೊಂಡೆ.

ಬಸ್ಸು ಗಕ್ಕನೆ ನಿಂತಿತು.