ಗೇಟಿನ ಮುಂದಿನ ಸಾಲು

ಲಾಕ್‌ಡೌನ್‌ನಲ್ಲಿ ಮುಚ್ಚಿದ್ದ ನಮ್ಮ ಗಾರ್ಮೆಂಟ್ಸ್ ಮತ್ತೆ ಚೇತರಿಸಿಕೊಂಡ ಮೇಲೆ, ದೊಡ್ಡಬಳ್ಳಾಪುರದ ಈ ಗೇಟಿನಲ್ಲಿ ಮುಂದೆ ಹೇಳುವಂಥವು ನಡೆಯದ ದಿನವೇ ಇಲ್ಲ. ಒಳಗೆ ಒಂದು ಮೆಷಿನ್ ಹೆಚ್ಚಾದರೆ ಹೊರಗೆ ಒಂದು ಬಸ್ಸಿನಷ್ಟು ಜನ ಹೆಚ್ಚಾಗುತ್ತಾರೆ. ಅಷ್ಟೂ ಜನರನ್ನು ಸಾಲಿನಲ್ಲಿ ನಿಲ್ಲಿಸಲು ಇರುವ ಗಾರ್ಡು ನಾನೊಬ್ಬನೇ. ನಿಂತೂ ನಿಂತೂ ಕಾಲು ಸೋತುಹೋಗಿದೆ. ನನಗೊಬ್ಬ ಜೊತೆಗಾರ ಬೇಕು, ಅಷ್ಟೇ.

೧. ಬೋರ್ಡು

‘ಕೆಲಸಕ್ಕೆ ಜನ ಬೇಕಾಗಿದ್ದಾರೆ’ ಎಂದು ಬೋರ್ಡು ಬರೆಸಿದೆವು. ಬರೆದವನು ಬ್ರಷ್ ತೊಳೆದಿಟ್ಟು ಅಲ್ಲೇ ನಿಂತ.

“ಇನ್ನೇನಪ್ಪಾ? ದುಡ್ಡು ಆಫೀಸಲ್ಲಿ ಕೊಡ್ತಾರೆ.”

“ದುಡ್ಡಿಗಲ್ಲ ಗುರು. ಲೈನಲ್ಲಿ ನಾನೇ ಫಸ್ಟು, ನೆನಪಿಟ್ಕೋ.”

೨. ಅಜ್ಜಿ

ನಮ್ಮ ಬೀದಿಯ ಮಗ್ಗದ ಮನೆಯ ಅಜ್ಜಿಯೊಬ್ಬರು ಸೊಸೆಯನ್ನೂ ಕರೆದುಕೊಂಡು ಬಂದರು. “ಮುಂಚೆ ಏನ್ ಕೆಲಸ ಮಾಡ್ತಿದ್ರಮ್ಮಾ?” ಎಂದು ಗೇಟಿನ ಪುಸ್ತಕದಲ್ಲಿ ಬರೆದುಕೊಳ್ಳಲು ಕೇಳಿದೆ.

“ಏನೂ ಇಲ್ಲ ಕಣಪ್ಪಾ, ಸುಮ್ನೆ ಮನೇಲಿದ್ದೆ. ಬೆಳಗಾದ್ರೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತೋದು, ಅಡುಗೆ ಮಾಡೋದು, ಮತ್ತೆ ಕಂಡಿಕೆ ಸುತ್ತೋದು.”

“ಕಾರ್ಖಾನೆ ಮುಚ್ಚಿದ್ದಾಗ ‘ಕೆಲಸ ಹುಡುಕ್ತಿದ್ದೀರಾ’ ಅಂತ ನಾನು ಕೇಳಿದ್ದಕ್ಕೆ ‘ನಂಗ್ಯಾಕೆ ಕೆಲಸ’ ಅಂದಿದ್ರಲ್ಲ?”

“ಕೆಲಸವೇ ಇಲ್ದಾಗ ಯಾರಪ್ಪಾ ಕೆಲಸ ಹುಡುಕ್ತಾರೆ? ನಿಂಗೇನು ತಲೆ ಕೆಟ್ಟಿದ್ಯಾ?”

೩. ಮ್ಯಾನೇಜರು

ಮ್ಯಾನೇಜರು ಕಾರಿನಿಂದ ಇಳಿದು ಸಾಲು ನೋಡಿದರು. “ದಿನಾ ಜನ ತಗೊಳ್ತಾ ಇದ್ದೀವಿ. ಲೈನ್ ಯಾಕೆ ಕರಗ್ತಿಲ್ಲ?”

“ತಗೊಳ್ತಾ ಇರೋದಕ್ಕೇ ಸಾರ್. ಒಳಗೆ ಹೋದೋರು ಊಟದ ಟೈಮಲ್ಲಿ ನೆಂಟರಿಗೆಲ್ಲಾ ಫೋನ್ ಮಾಡ್ತಾರೆ.”

ಅವರು ತಲೆ ಕೆರೆದುಕೊಂಡರು. “ಲೈನಲ್ಲಿ ಹೆಂಗಸರೇ ಜಾಸ್ತಿ. ಅವರನ್ನ ನೋಡ್ಕೊಳ್ಳೋಕೆ ಒಬ್ಬ ಲೇಡಿ ಗಾರ್ಡ್ ತಗೊಳ್ಳೋಣ ಬಿಡು.”

ಖುಷಿಗೆ ನನಗೆ ಕಣ್ಣಲ್ಲಿ ನೀರೇ ಬಂತು. ಮಾರನೆಯ ದಿನ ಆ ಕೆಲಸಕ್ಕೇ ಬೇರೆ ಸಾಲು ನಿಂತಿತು.

೪. ಜೊತೆಗಾರ್ತಿ

ಮ್ಯಾನೇಜರು ಹೇಳಿದ ದಿನವೇ ಮನೆಗೆ ಹೋಗಿ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಹೆಂಡತಿಗೆ ಎಲ್ಲಾ ಹೇಳಿದ್ದೆ. “ಹೊಸಬಳು ಬಂದ್ರೆ ಸಾಕು ಕಣೇ. ಸಂಜೆ ಬೇಗ ಬಂದು, ನೀನು ಬಡಿಸಿದ್ದು ಉಂಡು, ಕಾಲು ಚಾಚ್ಬಿಡ್ತೀನಿ.” ಅವಳು ಹೂಂ ಅಂದಳು.

ಸೋಮವಾರ ಹೊಸ ಗಾರ್ಡು ಬಂದಳು. ಖಾಕಿ ಅಂಗಿ, ತಲೆಗೆ ಟೋಪಿ, ಕೆಳಗೆ ನೋಡಿದರೆ ನಮ್ಮ ಮನೆಯ ಚಪ್ಪಲಿ. ಸಾಲಿನಲ್ಲಿ ನಿಂತವರ ಮುಖ ನೋಡುವುದನ್ನು ನಾನು ಎಂದೋ ಬಿಟ್ಟಿದ್ದೆ, ಅದೇ ತಪ್ಪಾಗಿತ್ತು.

“ಇದೇನೇ ಇದು! ಕೆಲಸ ಬೇಕು ಅಂತ ನೀನು ಒಂದಿನಾನೂ ಹೇಳಿಲ್ವಲ್ಲ?”

“ಆವತ್ತಿನವರ್ಗೂ ಕೆಲಸ ಇದೆ ಅಂತ ನೀವೂ ಒಂದಿನಾನೂ ಹೇಳಿರ್ಲಿಲ್ವಲ್ಲ.”

“ಹಂಗಾದ್ರೆ ಮನೇಲಿ ಅಡುಗೆ?”

ಅವಳು ಕೊರಳಿಗೆ ವಿಸಿಲ್ ಹಾಕಿಕೊಂಡಳು. “ಆ ಕೆಲಸ ಖಾಲಿ ಬಿದ್ದಿದೆ ಕಣ್ರೀ. ಅದಕ್ಕೆ ಲೈನೂ ಇಲ್ಲ, ನೀವೊಬ್ರೇ.”