ಅಪ್ಪನ ಮಂಚಕ್ಕೆ ನಾನು ಕಟ್ಟಿದ ಯಂತ್ರ

ಮನಸ್ಸು ಮಾಡಿದರೆ ನಾನು ಅಳೆಯಲಾಗದ ವಸ್ತು ಈ ಭೂಮಂಡಲದಲ್ಲೇ ಇಲ್ಲ! ಕಾರ್ಖಾನೆಯ ಬಾಯ್ಲರುಗಳ ಬಿಸಿ, ಒತ್ತಡ, ನಡುಕ ಎಲ್ಲವನ್ನೂ ಇಪ್ಪತ್ತೆರಡು ವರ್ಷ ಅಳೆದ ಇಂಜಿನಿಯರ್ ನಾನು. ಪಾರ್ಶ್ವವಾಯು ಬಡಿದು, ಮಾತು ನಿಂತು, ಹಾಸಿಗೆ ಹಿಡಿದ ಅಪ್ಪ ಯಾವ ಮಹಾ ಬಾಯ್ಲರು?

ಅಪ್ಪನ ಆರೈಕೆಗೆ ಒಬ್ಬ ಸಿಸ್ಟರ್ ಬರುತ್ತಿದ್ದರು. ಎರಡು ಗಂಟೆಗೊಮ್ಮೆ ಅಪ್ಪನ ಮಗ್ಗುಲು ಬದಲಿಸುವರು, ಬೆನ್ನಡಿ ಕೈ ತೂರಿಸಿ ತಡವುವರು, ಏನೋ ಗೊಣಗುವರು. ಈ ಅಂದಾಜಿನ ವ್ಯವಹಾರ ನನಗೆ ಹಿಡಿಸಲಿಲ್ಲ. ಹಾಸಿಗೆಯಡಿ ನಾಲ್ಕು ಸೆನ್ಸರ್ ಜೋಡಿಸಿ ಗೋಡೆಗೊಂದು ದೀಪ ಹಾಕಿದೆ. ಒತ್ತಡ ಹೆಚ್ಚಾದರೆ ಕೆಂಪು, ಇಲ್ಲವಾದರೆ ಹಸಿರು!

"ಸಿಸ್ಟರ್, ಇನ್ಮೇಲೆ ಕೆಂಪು ಬಂದಾಗ ಹೊರಳಿಸಿದ್ರೆ ಸಾಕು."

"ಮೈಯ ಕಷ್ಟ ದೀಪಕ್ಕೇನು ಗೊತ್ತು ಸಾರ್?"

"ನಿಮಗಿದೆಲ್ಲ ಅರ್ಥ ಆಗಲ್ಲ, ಬಿಡಿ."

"ಹಾಗಾದ್ರೆ ನಾನ್ಯಾಕೆ ಇಲ್ಲಿ?" ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು. ಹೋಗಲಿ ಎಂದುಕೊಂಡೆ.

ಐದು ದಿನ ಹಸಿರೋ ಹಸಿರು! ಆದರೂ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಪ್ಪನನ್ನು ಹೊರಳಿಸಿ, ನನ್ನ ಔದಾರ್ಯಕ್ಕೆ ನಾನೇ ಮೆಚ್ಚಿದೆ. ಆರನೆಯ ದಿನ ಬೆಳಿಗ್ಗೆ ಹೆಂಡತಿ ಮೂಗಿಗೆ ಸೆರಗು ಹಿಡಿದು ಬಂದಳು.

"ರೀ, ಮಾವನ ಹತ್ರ ಏನೋ ಕೊಳೆತ ವಾಸನೆ."

"ದೀಪ ನೋಡು, ಹಸಿರಾಗೇ ಇದೆ."

"ದೀಪಕ್ಕೆ ಮೂಗಿದೆಯೇನ್ರೀ?"

ಅವಳೇ ಬಟ್ಟೆ ಸರಿಸಿದಳು. ಅಪ್ಪನ ಸೊಂಟದ ಕೆಳಗೆ ಅಂಗೈಯಗಲ ಚರ್ಮ ಕಪ್ಪಾಗಿ, ನಡುವೆ ಕಿತ್ತು ಬಂದಿತ್ತು. ನನ್ನ ಸೆನ್ಸರುಗಳು ಇಡೀ ಹಾಸಿಗೆಯ ಭಾರ ಅಳೆದಿದ್ದವು. ಮೂಳೆ ಎಲ್ಲಿ ಒತ್ತುತ್ತದೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಐದು ದಿನದಿಂದ ಅಪ್ಪ ಹಲ್ಲು ಕಚ್ಚಿಕೊಂಡಿದ್ದರು. ನಾನು ಗೋಡೆ ನೋಡುತ್ತಿದ್ದೆ.

ಡಾಕ್ಟರು ಬಂದು ಸತ್ತ ಚರ್ಮವನ್ನು ಕತ್ತರಿಸಿ ತೆಗೆದರು. ಆಗ ಅಪ್ಪನ ಗಂಟಲಿನಿಂದ ಹೊರಟ ದನಿಗೆ ನನ್ನ ಬಳಿ ಅಳತೆಯಿರಲಿಲ್ಲ.

ಸಿಸ್ಟರ್ ಮನೆಗೆ ಓಡಿದೆ.

"ತಪ್ಪಾಯ್ತು, ದಯವಿಟ್ಟು ಬನ್ನಿ. ನನಗೂ ಈ ಕೆಲಸ ಕಲಿಸಿ."

"ಕಲಿಸ್ತೀನಿ. ಮೊದಲು ನೀವು ಮಲಗಬೇಕು."

ಮನೆಗೆ ಬಂದವರೇ ಅಪ್ಪನ ಗಾಯ ನೋಡಿ, ಅವರನ್ನು ಮಗ್ಗುಲಾಗಿ ಮಲಗಿಸಿದರು. ಆಮೇಲೆ ಎದುರಿನ ಬೆಂಚಿನ ಮೇಲೆ ನನ್ನನ್ನು ಅಂಗಾತ ಕೆಡವಿ, ಬೆರಳೂ ಅಲುಗಕೂಡದು ಎಂದು ಅಪ್ಪಣೆ ಮಾಡಿದರು. ಹತ್ತು ನಿಮಿಷಕ್ಕೆ ಸೊಂಟ ಉರಿಯಿತು. ಹದಿನೈದಕ್ಕೆ ಮೂಗಿನ ತುದಿ ತುರಿಸಿತು. ಇಪ್ಪತ್ತಕ್ಕೆ ನನ್ನ ಇಂಜಿನಿಯರ್ ಗಾಂಭೀರ್ಯವೆಲ್ಲ ಮಣ್ಣುಪಾಲು!

"ಹೊರಳಿಸಿ ತಾಯೀ, ಸತ್ತೆ!" ಎಂದು ಬೊಬ್ಬೆ ಹೊಡೆದೆ.

ಎದುರಿಗೆ ಅಪ್ಪನ ಬಾಯಿ ಒಂದು ಕಡೆಗೆ ವಾರೆಯಾಗಿ ನಡುಗತೊಡಗಿತು. ನಾನು ಬೆಂಚಿನಿಂದ ದಡಕ್ಕನೆ ಎದ್ದು ಕುಳಿತೆ.

"ಸಿಸ್ಟರ್, ಅಪ್ಪನಿಗೇನಾಯ್ತು? ನೋವಾ?"

ಅವರು ಬಗ್ಗಿ ಅಪ್ಪನ ಮುಖವನ್ನೇ ದಿಟ್ಟಿಸಿ ನೋಡಿದರು.

"ನೋವಲ್ಲ ಸಾರ್, ನಗು. 'ಇವನನ್ನ ಇಂಜಿನಿಯರಿಂಗ್ ಓದಿಸಿದ್ದು ನಾನೇ' ಅಂತ ನಗ್ತಿದ್ದಾರೆ!"