ರವೆಯೂ ಗೋಧಿಯೇ, ಅತ್ತಿಗೆ!

ಕಾಯಿಲೆಗಳಲ್ಲಿ ಮರ್ಯಾದೆ ಇರುವವು, ಇಲ್ಲದವು ಎಂದು ಎರಡು ಬಗೆ. ಸಕ್ಕರೆ ಕಾಯಿಲೆಯವರು ಮದುವೆಮನೆಗೆ ಹೋದರೆ ಅವರಿಗೆಂದೇ ಸಪ್ಪೆ ಚಹಾ ಬರುತ್ತದೆ. ನನ್ನದಕ್ಕೆ ಆ ಭಾಗ್ಯವಿಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ನನ್ನ ಕರುಳಿಗೆ ಆಗದು. ವರ್ಷಗಟ್ಟಲೆ ಹೊಟ್ಟೆನೋವಿನಿಂದ ನರಳಿದ ಮೇಲೆ ಬಾಂದ್ರಾದ ಡಾಕ್ಟರೊಬ್ಬರು "ಇನ್ನು ಜೀವಮಾನವಿಡೀ ಗೋಧಿಯ ಒಂದು ಚೂರೂ ಕೂಡದು" ಎಂದಾಗ ನನಗೆ ದುಃಖವಾಗಲಿಲ್ಲ. ಕೊನೆಗೂ ಶತ್ರು ಯಾರೆಂದು ತಿಳಿಯಿತಲ್ಲ ಎಂದು ಸಮಾಧಾನವಾಯಿತು. ಚಪಾತಿ, ಪಾವ್ ಬಿಟ್ಟರಾಯಿತು, ನಾವು ಉಡುಪಿ ಕಡೆಯ ಅನ್ನದ ಜನ ಎಂದುಕೊಂಡೆ. ಆದರೆ ಗೋಧಿ ವೇಷ ಬದಲಿಸುವುದರಲ್ಲಿ ನಿಸ್ಸೀಮ. ಮೈದಾ ಅದೇ, ಶ್ಯಾವಿಗೆ ಅದೇ, ಗಾಡಿಯ ನೂಡಲ್ಸಿಗೆ ಸುರಿಯುವ ಕಪ್ಪು ಸೋಯಾ ಸಾಸಿನಲ್ಲೂ ಅದೇ. ವಿಲೆ ಪಾರ್ಲೆ ಸ್ಟೇಷನ್ನಿನ ಹೊರಗೆ ಪಾವ್ ಬೇಡ, ವಡಾ ಮಾತ್ರ ಕೊಡಿ ಎಂದರೆ ಗಾಡಿಯವನು "ತಬಿಯತ್ ಠೀಕ್ ಹೈ ನಾ, ಭಾಭಿ?" ಎಂದು ಆರೋಗ್ಯ ವಿಚಾರಿಸುತ್ತ ನನ್ನ ಮುಖವನ್ನೇ ನೋಡುತ್ತಾನೆ.

ಅಣ್ಣ ಡೊಂಬಿವಲಿಯಲ್ಲಿ ಹೊಸ ಫ್ಲಾಟ್ ಕೊಂಡು ಸತ್ಯನಾರಾಯಣ ಪೂಜೆ ಇಟ್ಟುಕೊಂಡಾಗ ಯುದ್ಧ ನಡೆದೇಹೋಯಿತು. ಪೂಜೆ ಮುಗಿಯಿತು. ಅತ್ತಿಗೆ ದೊನ್ನೆ ತುಂಬ ಸಜ್ಜಿಗೆ ಪ್ರಸಾದ ತಂದು ನನ್ನ ಮುಂದೆ ಹಿಡಿದರು. ತುಪ್ಪದ ಪರಿಮಳಕ್ಕೆ ಬಾಯಲ್ಲಿ ನೀರೂರಿತು. ಆದರೂ ಬೇಡವೆಂದೆ.

"ಪ್ರಸಾದ ಬೇಡ ಅನ್ಬಾರ್ದು ಸುಮತಿ. ಇದ್ರಲ್ಲಿ ಗೋಧಿ ಎಲ್ಲುಂಟು ಮಾರಾಯ್ತಿ? ರವೆ ಅಲ್ವಾ!"

"ರವೆ ಎಂತದರಿಂದ ಮಾಡ್ತಾರೆ ಅತ್ತಿಗೆ?"

"ಎಂತದರಿಂದ ಅಂದ್ರೆ? ಅಂಗಡಿಯಲ್ಲಿ ಸಿಗ್ತದೆ!"

"ರವೆಯೂ ಗೋಧಿಯೇ. ನಾನು ತಿನ್ನುವುದಿಲ್ಲ," ಎಂದೆ, ತುಸು ಗಟ್ಟಿಯಾಗಿಯೇ. ನೆಂಟರೆಲ್ಲ ತಿರುಗಿ ನೋಡಿದರು. ನಾನು ತೀರ್ಥ ಕುಡಿದು, ಬಾಳೆಹಣ್ಣು ಕಣ್ಣಿಗೊತ್ತಿಕೊಂಡು ತಿಂದೆ. ಅತ್ತಿಗೆಯ ಮುಖ ಕೆಂಪಾಯಿತು.

ಊಟಕ್ಕೆ ಕೂತಾಗ ಇನ್ನೊಂದು ಪ್ರಶ್ನೆ ಕೇಳಲೇಬೇಕಾಯಿತು: ಸಾರಿಗೆ ಯಾವ ಇಂಗು ಹಾಕಿದ್ದೀರಿ? ಅತ್ತಿಗೆ ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದೊಯ್ದರು. "ನೋಡು, ಬರೀ ಇಂಗು. ನನ್ನ ಮನೆಗೆ ರೇಡ್ ಮಾಡ್ಲಿಕ್ಕೆ ಬಂದದ್ದಾ ನೀನು?" ಎನ್ನುತ್ತ ಕನ್ನಡಕ ಏರಿಸಿ ಡಬ್ಬಿಯ ಬೆನ್ನಿನ ಸಣ್ಣಕ್ಷರ ಓದತೊಡಗಿದರು. ಓದುತ್ತ ಓದುತ್ತ ಸ್ವರ ತಗ್ಗಿತು. ಅಲ್ಲಿ ಇಂಗಿಗಿಂತ ಮೊದಲೇ ಗೋಧಿ ಹಿಟ್ಟು ಕೂತಿತ್ತು.

"ಹಾಗಾದ್ರೆ ಹಳೇ ಮನೆಯಲ್ಲಿ ನೀನು ಊಟ ಮಾಡಿ ಹೊಟ್ಟೆ ಹಿಡ್ಕೊಂಡು ಮಲಗ್ತಿದ್ದದ್ದು..." ಎಂದು ಅರ್ಧಕ್ಕೇ ನಿಲ್ಲಿಸಿದರು. "ನಾನು ಗ್ಯಾಸ್ ಅಂತ ಓಮದ ನೀರು ಕೊಡ್ತಿದ್ದೆನಲ್ಲಾ!" ಕಣ್ಣು ಒದ್ದೆಯಾಗಿತ್ತು. ಹೊರಗೆ ನೆಂಟರು ಎಲೆ ಮುಂದೆ ಕಾಯುತ್ತಿದ್ದರೂ ಅತ್ತಿಗೆ ನನಗೊಬ್ಬಳಿಗೇ ಇಂಗಿಲ್ಲದ ಜೀರಿಗೆ ಸಾರು ಕುದಿಸಿಯೇ ಹೊರಬಂದರು.

ಅಂದಿನಿಂದ ಅತ್ತಿಗೆ ನನ್ನ ಪಕ್ಷ. ಪಕ್ಷ ಎಂದರೆ ಸಾಲದು, ಪಹರೆ. ಮದುವೆಮನೆಯಲ್ಲಿ ನನಗಿಂತ ಮೊದಲೇ ಅಡುಗೆಭಟ್ಟರ ಹತ್ತಿರ ಹೋಗಿ ನನ್ನ ಕರುಳಿನ ಕಥೆಯನ್ನು ಮೈಕಿನಲ್ಲಿ ಹೇಳಿದಷ್ಟು ಗಟ್ಟಿಯಾಗಿ ಹೇಳುತ್ತಾರೆ. ಮೊನ್ನೆ ಅವರಲ್ಲಿಗೆ ಹೋದಾಗ, ಪೊಟ್ಟಣದ ಮೇಲಿನ ಅಕ್ಷರವನ್ನೆಲ್ಲ ಓದಿ ಖಾತ್ರಿ ಮಾಡಿಕೊಂಡು ಬಕ್‌ವೀಟ್ ಬಿಸ್ಕತ್ತು ಒಯ್ದಿದ್ದೆ. ತಟ್ಟೆಗೆ ಹಾಕಿಕೊಳ್ಳುವಷ್ಟರಲ್ಲಿ ಅತ್ತಿಗೆ ತಟ್ಟೆಯನ್ನೇ ಕಸಿದರು.

"ಹೆಸರಿನಲ್ಲೇ ವೀಟ್ ಉಂಟು!"

"ಅದು ಗೋಧಿ ಅಲ್ಲ ಅತ್ತಿಗೆ. ಇಲ್ಲಿಯವರು ಉಪವಾಸಕ್ಕೆ ತಿನ್ನುವ ಕುಟ್ಟು ಅಂತ ಒಂದು ಬೀಜ."

"ರವೆಗೆ ಗೋಧಿಯ ಹೆಸರಿಲ್ಲ, ಆದ್ರೂ ಗೋಧಿ ಅಂದಿ. ಇದಕ್ಕೆ ಹೆಸರುಂಟು, ಆದ್ರೂ ಅಲ್ಲ ಅಂತೀಯಾ? ನನ್ನನ್ನು ಎಂತ ಅಂತ ಎಣಿಸಿದ್ದೀ?"

ಅಣ್ಣನೂ ಹೆಂಡತಿಯ ಕಡೆಗೇ ವಾಲಿದ. ತಿನ್ನುವುದಿಲ್ಲ ಎಂದು ಊರೆಲ್ಲ ಜಗಳವಾಡಿದ ನಾನು ಈಗ ತಿಂದೇ ತಿನ್ನುತ್ತೇನೆ ಎಂದು ಸೆರಗು ಸಿಕ್ಕಿಸಿ ನಿಂತೆ. ತಟ್ಟೆ ಕಿತ್ತುಕೊಂಡು ಇಬ್ಬರ ಎದುರೇ ಒಂದು ಬಿಸ್ಕತ್ತು ಬಾಯಿಗಿಟ್ಟೆ. ಒದ್ದೆ ರಟ್ಟಿನಂತಿತ್ತು. ಅವರಿಬ್ಬರೂ ನೋಡುತ್ತಲೇ ಇದ್ದರು. ಇನ್ನೊಂದು ತೆಗೆದುಕೊಂಡೆ.